ಕರಿ ಉಸುಕು ನೋಡಲು ಹೊರಟ ಅಪ್ಪ-ಅವ್ವ

ನಾನು ಈವರೆಗೆ ವಿಮಾನ ಹತ್ತಿಲ್ಲ. ನೋಡಿದ ಸಮುದ್ರವೂ ಗೋಕರ್ಣದ್ದು ಒಂದೇ, ಅದೂ ಪಿಯುಸಿ ಪ್ರವಾಸದಲ್ಲಿ. ಆದರೂ ಹವಾಯಿಯ ಮಾವಿ ದ್ವೀಪದಲ್ಲಿ ಕಪ್ಪು ಮರಳಿನ ಒಂದು ತೀರಕ್ಕೆ ಬೆಳಿಗ್ಗೆ ಏಳು ಗಂಟೆಗೆ ಹೇಗೆ ತಲುಪಬೇಕು, ಎಲ್ಲಿ ಗಾಡಿ ನಿಲ್ಲಿಸಬೇಕು, ಎಷ್ಟು ಹೊತ್ತು ಇರಬಹುದು ಎಂದು ಯಾರಾದರೂ ಕೇಳಿದರೆ, ನಮ್ಮ ಹಾಸ್ಟೆಲ್‌ನಿಂದ ಮೆಸ್‌ಗೆ ಹೋಗುವ ದಾರಿ ಹೇಳಿದಷ್ಟೇ ಸಲೀಸಾಗಿ ಹೇಳಬಲ್ಲೆ.

ಇದೆಲ್ಲ ಶುರುವಾಗಿದ್ದು ಅಕ್ಕನ ಒಂದು ಫೋನ್‌ನಿಂದ. ಅಕ್ಕ ಮತ್ತು ಮಾಮಾ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾರೆ. ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅಪ್ಪ-ಅವ್ವ ಮೊದಲ ಸಲ ಅವರ ಮನೆಗೆ ಹೊರಟಿದ್ದರು. ಅಕ್ಕನಿಗೆ ಸಿಕ್ಕಿದ್ದು ನಾಲ್ಕು ದಿನ ರಜೆ. ‘ಇವರಿಬ್ಬರನ್ನ ಹವಾಯಿಗೆ ಕರ್ಕೊಂಡು ಹೋಗಬೇಕು ಅಂತ ಆಸೆ. ನನಗ ಕುಂತು ನೋಡಾಕ ಟೈಮ್ ಇಲ್ಲ. ಪರೀಕ್ಷೆ ಮುಗದಾವಲ್ಲ, ನೀನೇ ಪ್ಲಾನ್ ಮಾಡು’ ಅಂದಳು. ನಾನು ಹೋಗುವ ಮಾತು ಬರಲಿಲ್ಲ. ಟಿಕೆಟ್ ದುಡ್ಡು ನನಗೂ ಗೊತ್ತು, ಅವಳಿಗೂ ಗೊತ್ತು.

ಅಪ್ಪನಿಗೆ ವಿಷಯ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಕರಿ ಉಸುಕು ನೋಡಾಕ ಅಷ್ಟು ದೂರ ಯಾಕ? ನಮ್ಮ ಎರಿ ಹೊಲ ಕರ್ರಗಿಲ್ಲೇನು?’

ಆಗ ನಕ್ಕಿದ್ದೆ. ಆ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂದು ತಿಳಿಯಲು ಎರಡು ವಾರ ಬೇಕಾಯಿತು.

ಎಂಟು ಸ್ಟಾಪಿನ ಮೊದಲ ಪ್ಲಾನ್

ನಾವು ಆರಿಸಿಕೊಂಡ ಜಾಗದ ಹೆಸರು ವೈಯಾನಪನಪ ಸ್ಟೇಟ್ ಪಾರ್ಕ್. ಮಾವಿ ದ್ವೀಪದ ಪೂರ್ವ ತುದಿಯಲ್ಲಿ, ಹಾನಾ ಎಂಬ ಪುಟ್ಟ ಊರಿನ ಹತ್ತಿರ ಇದೆ. 122 ಎಕರೆಯ ಉದ್ಯಾನ. ಕಪ್ಪು ಮರಳಿನ ತೀರ, ಅಲೆ ಕೊರೆದ ಕಲ್ಲಿನ ಕಮಾನು, ಲಾವಾ ಹರಿದು ಉಂಟಾದ ಗುಹೆಗಳು, ಹಳೆಯ ಕಾಲುದಾರಿ, ಸ್ಥಳೀಯರ ಪುರಾತನ ಪೂಜಾಸ್ಥಳ, ಪೂರ್ವಜರ ಸಮಾಧಿಗಳು ಎಲ್ಲವೂ ಅದರೊಳಗಿವೆ.

ನಾನು ಸಿವಿಲ್ ವಿದ್ಯಾರ್ಥಿ. ಬಾರ್ ಚಾರ್ಟ್ ಹಾಕುವುದು ಹೊಸದಾಗಿ ಕಲಿತಿದ್ದೆ. ಎಕ್ಸೆಲ್ ತೆರೆದು ಕುಳಿತೆ. ವಿಮಾನ ಇಳಿಯುವ ಕಹುಲುಯಿಯಿಂದ ಹಾನಾಕ್ಕೆ 52 ಮೈಲಿ, ಅಂದರೆ ಸುಮಾರು 84 ಕಿಲೊಮೀಟರ್. ತಾಸಿಗೆ 60 ಕಿಲೊಮೀಟರ್ ಹಿಡಿದರೆ ಒಂದೂವರೆ ತಾಸಿನೊಳಗೆ ಮುಟ್ಟಬಹುದು. ಬೆಳಿಗ್ಗೆ ಐದಕ್ಕೆ ಹೊರಡುವುದು, ದಾರಿಯಲ್ಲಿ ಜಲಪಾತ, ತೋಟ ಎಂದು ಎಂಟು ಕಡೆ ನಿಲ್ಲುವುದು, ಪಾರ್ಕ್ ನೋಡುವುದು, ರಾತ್ರಿ ವಾಪಸ್. ಬಣ್ಣ ತುಂಬಿ ಕಳಿಸಿದೆ.

ಅಕ್ಕನ ಉತ್ತರ ಹತ್ತು ನಿಮಿಷದಲ್ಲಿ ಬಂತು: ‘ಇದು ಟ್ರಿಪ್ಪೋ, ನಿಮ್ಮ ಸೆಮಿಸ್ಟರ್ ಟೈಮ್‌ಟೇಬಲ್ಲೋ? ಆ ರಸ್ತಾ ಯಾವುದು ಅಂತ ನೋಡಿಯೇನು?’

ನೋಡಿರಲಿಲ್ಲ. ಆಮೇಲೆ ನೋಡಿದೆ. ಹಾನಾ ಹೆದ್ದಾರಿಯಲ್ಲಿ ಸುಮಾರು 620 ತಿರುವುಗಳಿವೆ. 59 ಸೇತುವೆಗಳು, ಅವುಗಳಲ್ಲಿ 46 ಒಂದೇ ಗಾಡಿ ದಾಟುವಷ್ಟು ಅಗಲದವು. ಎದುರಿನಿಂದ ಬರುವವರಿಗೆ ದಾರಿ ಬಿಟ್ಟು ಕಾಯಬೇಕು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಿಗೇ ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ. ಎಲ್ಲಿಯೂ ನಿಲ್ಲದೆ ಹೋದರೂ ಆ 84 ಕಿಲೊಮೀಟರ್‌ಗೆ ಎರಡೂವರೆ ತಾಸಿನ ಮೇಲೆ ಬೇಕು. ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆ ಎಂಬ ಏಳನೇ ತರಗತಿ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಮತ್ತೊಂದು ಸಂಗತಿ ನನಗೆ ತಟ್ಟನೆ ನೆನಪಾಯಿತು. ನಮ್ಮ ಅವ್ವನಿಗೆ ವಿಜಯಪುರದ ನೇರ ರಸ್ತೆಯಲ್ಲೇ ಬಸ್ಸಿನಲ್ಲಿ ವಾಂತಿ ಬರುತ್ತದೆ. ಕೈಯಲ್ಲಿ ಒಂದು ನಿಂಬೆಹಣ್ಣು ಹಿಡಿದು ಮೂಸುತ್ತಲೇ ಪ್ರಯಾಣ ಮಾಡುವವಳು. ಇಂಡಿ ನಿಂಬೆಗೆ ಹೆಸರಾದ ಊರು, ಹಣ್ಣಿಗೆ ಬರವಿಲ್ಲ. ಆದರೆ ಹಸಿ ಹಣ್ಣನ್ನು ಅಮೆರಿಕಕ್ಕೆ ಹಾಗೆಲ್ಲ ಒಯ್ಯುವಂತಿಲ್ಲ. ಅಲ್ಲಿಯೇ ಕೊಳ್ಳಬೇಕು. ನನ್ನ ಪಟ್ಟಿಗೆ ಮೊದಲ ನಿಜವಾದ ಸಾಲು ಸೇರಿತು: ‘ಕಾರು ಹತ್ತುವ ಮೊದಲು ನಿಂಬೆಹಣ್ಣು.’

ಮಾಳಿಗೆ ಹತ್ತದ ಅಪ್ಪ

ಪಾರ್ಕಿಂಗ್ ಜಾಗದ ಮೇಲಿನಿಂದಲೇ ತೀರ ಕಾಣುತ್ತದೆ. ಮರಳಿನ ಮೇಲೆ ಕಾಲಿಡಬೇಕೆಂದರೆ ದಾರಿಯಲ್ಲಿ ಮೆಟ್ಟಿಲುಗಳನ್ನು ಇಳಿಯಬೇಕು, ಮತ್ತೆ ಹತ್ತಬೇಕು. ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ ಅಪ್ಪನಿಗೆ ಫೋನ್ ಮಾಡಿದೆ.

‘ಅಪ್ಪಾ, ಒಮ್ಮೆಲೇ ಎಷ್ಟು ಪಾವಟಿಗಿ ಹತ್ತಾಕ ಆಗತೈತಿ ನಿನಗ?’

‘ನನಗೇನಾಗೈತೋ? ದಿನಾ ಹೊಲಕ್ಕ ಹೋಗಿ ಬರ್ತೀನಿ’ ಅಂದ.

ಅವ್ವ ಫೋನ್ ಕಸಿದುಕೊಂಡಳು. ‘ಸುಳ್ಳ ಹೇಳ್ತಾರ. ಮಾಳಿಗಿ ಹತ್ತೂದು ಬಿಟ್ಟು ವರ್ಷಾತು. ಎಡಗಡೆ ಮೊಣಕಾಲು ಮಡಚಾಕ ಬರೂದಿಲ್ಲ.’

ನಾನು ಸುಮ್ಮನಾದೆ. ಬೇಸಿಗೆಯಲ್ಲಿ ಅಪ್ಪ ಮಾಳಿಗೆಯ ಮೇಲೆ ಮಲಗುವುದು ನಮ್ಮ ಮನೆಯ ವಾಡಿಕೆ. ಈ ವರ್ಷ ಕೆಳಗೇ ಮಲಗಿದ್ದ. ಹೊಸ ಕೂಲರ್ ತಂದಿದ್ದಕ್ಕೆ ಹಾಗೆ ಮಾಡಿದ್ದಾನೆ ಅಂದುಕೊಂಡಿದ್ದೆ. ರಜೆಗೆ ಹೋದಾಗ ಎರಡು ವಾರ ಒಂದೇ ಮನೆಯಲ್ಲಿದ್ದರೂ ನನಗೆ ಗೊತ್ತಾಗದ್ದು, ಅರ್ಧ ಭೂಮಿಯಾಚೆಯ ಮೆಟ್ಟಿಲುಗಳ ಚಿತ್ರ ನೋಡುವಾಗ ಗೊತ್ತಾಯಿತು.

ಅಂದು ರಾತ್ರಿ ಎಂಟು ಸ್ಟಾಪಿನ ಎಕ್ಸೆಲ್ ಅಳಿಸಿದೆ. ಹೊಸದರಲ್ಲಿ ಜಾಗಗಳ ಬದಲು ನಾಲ್ವರ ಹೆಸರು ಬರೆದೆ. ಅಪ್ಪ: ಮೊಣಕಾಲು. ಅವ್ವ: ತಿರುವು. ಅಕ್ಕ: ನಿದ್ದೆ ಕಡಿಮೆ. ಮಾಮಾ: ಒಬ್ಬನೇ ಡ್ರೈವರ್, ರಾತ್ರಿ ಆ ರಸ್ತೆ ಬೇಡ. ಆಮೇಲೆ ಪ್ಲಾನ್ ತಾನಾಗಿಯೇ ಕೂಡಿತು. ಒಂದು ಹಗಲು ಪೂರ್ತಿ ಹಾನಾಕ್ಕೆ ಹೋಗಲು ಕೊಡುವುದು, ದಾರಿಯಲ್ಲಿ ಎರಡೇ ಕಡೆ ನಿಲ್ಲುವುದು. ರಾತ್ರಿ ಹಾನಾದಲ್ಲೇ ತಂಗುವುದು. ಪಾರ್ಕ್ ಊರಿಗೆ ನಾಲ್ಕೈದು ಕಿಲೊಮೀಟರ್ ಈಚೆಯೇ ಇರುವುದರಿಂದ ಮರುದಿನ ಬೆಳಿಗ್ಗೆ ನಿಧಾನವಾಗಿ ಹೋಗಬಹುದು. ಬೆಳಗಿನ ಹೊತ್ತಿಗೆ ಇನ್ನೊಂದು ಕಾರಣವೂ ಇತ್ತು. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ. ಮಧ್ಯಾಹ್ನ ಆ ಮರಳಿನ ಮೇಲೆ ಬರಿಗಾಲಲ್ಲಿ ನಡೆಯುವುದು ಕಷ್ಟ.

ಹವಾಯಿಯಲ್ಲಿ ಇನ್ನೂ ನಿನ್ನೆ

ಇಷ್ಟವಾದ ದಿನ ಹೋಗಿ ನಿಂತರೆ ಒಳಗೆ ಬಿಡುವುದಿಲ್ಲ ಎಂಬುದು ಮುಂದಿನ ಪಾಠ. 2021ರ ಮಾರ್ಚ್‌ನಿಂದ ಹವಾಯಿಯ ಹೊರಗಿನವರು ಈ ಪಾರ್ಕಿಗೆ ಮುಂಗಡ ಬುಕಿಂಗ್ ಮಾಡಲೇಬೇಕು. ಅದೇ ದಿನ ಹೋಗಿ ಟಿಕೆಟ್ ಕೊಳ್ಳುವ ವ್ಯವಸ್ಥೆ ಇಲ್ಲ. 30 ದಿನ ಮೊದಲಿನಿಂದ ಬುಕಿಂಗ್ ಸಿಗುತ್ತದೆ. ದಿನವನ್ನು ನಾಲ್ಕು ಪಾಳಿಗಳಾಗಿ ಹಂಚಿದ್ದಾರೆ. ಬೆಳಿಗ್ಗೆ 7ರಿಂದ 10 ಮೊದಲನೆಯದು. ಒಬ್ಬರಿಗೆ 5 ಡಾಲರ್, ಕಾರು ನಿಲ್ಲಿಸಲು 10 ಡಾಲರ್. ನಾಲ್ವರಿಗೆ ಒಟ್ಟು 30 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಸಾವಿರ ರೂಪಾಯಿ. ಹವಾಯಿಯ ನಿವಾಸಿಗಳಿಗೆ ಶುಲ್ಕವಿಲ್ಲ.

ಮೊದಲು ಇದೆಂಥ ಕಿರಿಕಿರಿ ಅನಿಸಿತು. ಕಾರಣ ಓದಿದ ಮೇಲೆ ಅನಿಸಲಿಲ್ಲ. ಅದಕ್ಕೂ ಮೊದಲು ಅಲ್ಲಿಗೆ ಬರುವ ಕಾರುಗಳು ಪಾರ್ಕಿಂಗ್ ತುಂಬಿ, ಅಕ್ಕಪಕ್ಕದ ಮನೆಗಳ ರಸ್ತೆಯಲ್ಲೂ ನಿಲ್ಲುತ್ತಿದ್ದವು. ಅಲ್ಲಿಯ ಜನರಿಗೆ ತಮ್ಮದೇ ತೀರಕ್ಕೆ ಹೋಗಲು ಜಾಗವಿರಲಿಲ್ಲ. ಬುಕಿಂಗ್ ಬಂದ ಮೇಲೆ ಜನ ಎಷ್ಟು ಬರಬೇಕು ಎಂಬುದಕ್ಕೆ ಮಿತಿ ಬಂತು.

30 ದಿನದ ಲೆಕ್ಕ ಹಾಕಿ, ಅಲಾರಂ ಇಟ್ಟು, ಬೆಳಿಗ್ಗೆ ಒಂಬತ್ತೂವರೆಗೆ ಹಾಸ್ಟೆಲ್ ವೈಫೈ ಹಿಡಿದು ಕುಳಿತೆ. ನಮಗೆ ಬೇಕಾದ ದಿನಾಂಕ ತೆರೆದೇ ಇರಲಿಲ್ಲ. ಹತ್ತು ಸಲ ರಿಫ್ರೆಶ್ ಮಾಡಿದೆ. ಎಲ್ಲ ಭರ್ತಿಯಾಯಿತು ಎಂದುಕೊಂಡು ಅಕ್ಕನಿಗೆ ಏನು ಹೇಳುವುದೆಂದು ತಿಳಿಯದೆ ಒದ್ದಾಡಿದೆ. ಆಗ ರೂಮ್‌ಮೇಟ್ ಕೇಳಿದ: ‘ಲೇ, ಅಲ್ಲಿ ಇವತ್ತು ಯಾವ ತಾರೀಖು?’

ಹವಾಯಿ ನಮಗಿಂತ ಹದಿನೈದೂವರೆ ತಾಸು ಹಿಂದೆ. ನನ್ನ ಬೆಳಿಗ್ಗೆ ಒಂಬತ್ತೂವರೆ ಅಲ್ಲಿ ಹಿಂದಿನ ದಿನದ ಸಂಜೆ ಆರು. ನಾನು ಅವಸರದಲ್ಲಿ ಒಂದು ದಿನ ಮೊದಲೇ ಹೋಗಿ ಬಾಗಿಲು ಬಡಿಯುತ್ತಿದ್ದೆ. ಅಂದು ಸಂಜೆ ಮತ್ತೆ ಪ್ರಯತ್ನಿಸಿದಾಗ ಮೊದಲ ಪಾಳಿಯೇ ಸಿಕ್ಕಿತು. ಟಿಕೆಟ್ ಪ್ರಿಂಟ್ ತೆಗೆದು ಇಟ್ಟುಕೊಳ್ಳಲು ಅಕ್ಕನಿಗೆ ಹೇಳಿದೆ. ಏಕೆಂದರೆ ಆ ದಾರಿಯಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ಆನ್‌ಲೈನ್ ಸಂದರ್ಶನ, ಹೊರದೇಶದ ಅರ್ಜಿ, ಸ್ಕಾಲರ್‌ಶಿಪ್ ಎಂದು ಓಡಾಡುವ ಗೆಳೆಯರಿಗೆ ಒಂದು ಮಾತು: ಕೊನೆಯ ದಿನಾಂಕ ಯಾವ ದೇಶದ ಗಡಿಯಾರದ್ದು ಎಂದು ಮೊದಲು ನೋಡಿಕೊಳ್ಳಿ. ನಾನು ಒಂದು ದಿನ ಮೊದಲು ಹೋದೆ, ಬಚಾವಾದೆ. ಒಂದು ದಿನ ತಡವಾಗಿದ್ದರೆ ಕಥೆ ಬೇರೆ.

ಹೋಗಬೇಕೋ, ಬೇಡವೋ

ಓದುತ್ತ ಹೋದಂತೆ ಇನ್ನೊಂದು ಹೆಸರು ಎದುರಾಯಿತು: ಲಹೈನಾ. ಅದೇ ಮಾವಿ ದ್ವೀಪದ ಪಶ್ಚಿಮ ತೀರದ ಹಳೆಯ ಊರು. 2023ರ ಆಗಸ್ಟ್ 8ರಂದು ಎದ್ದ ಬೆಂಕಿಯಲ್ಲಿ ಬಹುಪಾಲು ಊರೇ ಸುಟ್ಟುಹೋಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಹಾನಾ ಇರುವುದು ದ್ವೀಪದ ಇನ್ನೊಂದು ತುದಿಯಲ್ಲಿ, ಅಲ್ಲಿಗೆ ಬೆಂಕಿ ಬಂದಿರಲಿಲ್ಲ. ಆದರೂ ಮನಸ್ಸು ಹಿಂಜರಿಯಿತು. ಇಷ್ಟೆಲ್ಲ ಕಳೆದುಕೊಂಡ ದ್ವೀಪಕ್ಕೆ ನಾವು ಫೋಟೊ ತೆಗೆಯಲು ಹೋಗುವುದು ಸರಿಯೇ?

ಈ ಮಾತನ್ನು ಅಪ್ಪನಿಗೇ ಕೇಳಿದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಪ್ರವಾಹ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ನದಿ ದಂಡೆಯ ನಮ್ಮ ಸಂಬಂಧಿಕರ ಮನೆಗೆ ನೀರು ಹೊಕ್ಕಿತ್ತು. ಅಪ್ಪ ಹೇಳಿದ: ‘ಆಗ ನೋಡಾಕ ಬಂದವರೊಳಗ ಎರಡು ನಮೂನಿ ಮಂದಿ ಇದ್ರು. ಒಬ್ಬರು ನೀರಿನ ಮುಂದ ನಿಂತು ಫೋಟೊ ಹೊಡಕೊಂಡು ಹೋದ್ರು. ಇನ್ನೊಬ್ಬರು ಹೊಟೇಲ್‌ನ್ಯಾಗ ಚಾ ಕುಡದು, ಅಂಗಡಿಯಾಗ ವ್ಯಾಪಾರ ಮಾಡಿ, ನಾಕು ಮಾತು ಕೇಳಿ ಹೋದ್ರು. ಮಂದಿ ಬರೂದು ತಪ್ಪಲ್ಲ. ಹ್ಯಾಂಗ ಬರ್ತಾರ ಅನ್ನೂದು ನೋಡಬೇಕು.’

ಪ್ರವಾಸವೇ ಆ ದ್ವೀಪದ ಬಹಳ ಜನರ ಅನ್ನ. ಹಾಗಾಗಿ ಪ್ಲಾನಿನಲ್ಲಿ ಮೂರು ನಿಯಮ ಬರೆದೆ. ಸುಟ್ಟ ಊರಿನ ಕಡೆ ‘ನೋಡಲು’ ಹೋಗುವುದು ಬೇಡ. ದಾರಿಯಲ್ಲಿ ಸ್ಥಳೀಯರು ಮಾರುವ ಹಣ್ಣು, ಬಾಳೆಹಣ್ಣಿನ ಬ್ರೆಡ್ ಅವರಿಂದಲೇ ಕೊಳ್ಳುವುದು. ಸಮಾಧಿ ಮತ್ತು ಪೂಜಾಸ್ಥಳಗಳ ಕಲ್ಲುಗಳ ಮೇಲೆ ಹತ್ತುವುದಿಲ್ಲ, ಕೂರುವುದಿಲ್ಲ. ನಮ್ಮೂರ ಗುಡಿಯ ಕಟ್ಟೆಯ ಮೇಲೆ ಯಾರಾದರೂ ಚಪ್ಪಲಿ ಕಾಲಿಟ್ಟರೆ ನಮಗೆ ಹೇಗಾಗುತ್ತದೋ ಅವರಿಗೂ ಹಾಗೆಯೇ.

ಬೆಂಕಿ ಮತ್ತು ನೀರಿನ ಮಗು

ಮರಳು ಕಪ್ಪಾಗಿರುವುದೇಕೆ? ಎಂಜಿನಿಯರಿಂಗ್ ಜಿಯಾಲಜಿಯಲ್ಲಿ ಬಾಯಿಪಾಠ ಮಾಡಿ ಬರೆದು ಮರೆತಿದ್ದ ಬೆಸಾಲ್ಟ್ ಶಿಲೆ ಇಲ್ಲಿ ಮತ್ತೆ ಸಿಕ್ಕಿತು. ನಮ್ಮ ಕರಾವಳಿಯ ತಿಳಿಬಣ್ಣದ ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಜ್. ಹವಾಯಿಯ ಬಿಳಿ ತೀರಗಳದ್ದು ಹವಳ, ಚಿಪ್ಪುಗಳ ಪುಡಿ. ಕಪ್ಪು ತೀರದ್ದು ಲಾವಾ ತಣಿದು ಆದ ಬೆಸಾಲ್ಟ್. ಅದು ಮರಳಾಗುವುದು ಎರಡು ರೀತಿಯಲ್ಲಿ. ಕೆಂಡದಂಥ ಲಾವಾ ನೇರವಾಗಿ ಸಮುದ್ರಕ್ಕೆ ಬಿದ್ದಾಗ, ಕಾದ ಗಾಜಿನ ಮೇಲೆ ತಣ್ಣೀರು ಸುರಿದಂತೆ ಸಿಡಿದು ಚೂರಾಗುತ್ತದೆ. ಇಲ್ಲವೇ ಗಟ್ಟಿಯಾದ ಲಾವಾ ಬಂಡೆಯನ್ನು ಅಲೆಗಳು ನೂರಾರು ವರ್ಷ ಬಡಿದು ಅರೆಯುತ್ತವೆ. ವೈಯಾನಪನಪದ ತೀರದಲ್ಲಿ ನುಣ್ಣಗೆ ಸವೆದ ಸಣ್ಣ ಕಪ್ಪು ಹರಳುಗಳೂ ಇವೆ. ಪಕ್ಕದ ಹಲೆಯಾಕಲಾ ಜ್ವಾಲಾಮುಖಿ ಕೊನೆಯದಾಗಿ ಲಾವಾ ಉಗುಳಿದ್ದು ಸುಮಾರು 400ರಿಂದ 600 ವರ್ಷಗಳ ಹಿಂದೆ.

ಇಂಥ ತೀರಗಳಿಗೆ ಆಯುಷ್ಯವೂ ಉಂಟು. ಹವಾಯಿಯ ದೊಡ್ಡ ದ್ವೀಪದಲ್ಲಿ ಕೈಮು ಎಂಬ ಹೆಸರಾಂತ ಕಪ್ಪು ತೀರವಿತ್ತು. 1990ರಲ್ಲಿ ಕಿಲುವೆಯಾ ಜ್ವಾಲಾಮುಖಿಯ ಲಾವಾ ಅದನ್ನೂ ಪಕ್ಕದ ಕಲಪನಾ ಊರನ್ನೂ ಮುಚ್ಚಿಬಿಟ್ಟಿತು. 2018ರಲ್ಲಿ ಅದೇ ಜ್ವಾಲಾಮುಖಿ ಪೊಹೊಯಿಕಿ ಎಂಬಲ್ಲಿ ಹೊಸದೊಂದು ಕಪ್ಪು ತೀರವನ್ನು ಕೆಲವೇ ವಾರಗಳಲ್ಲಿ ಕಟ್ಟಿಕೊಟ್ಟಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವ ನೆಲ ಅದು.

ಇಲ್ಲಿಗೆ ಬಂದಾಗ ಅಪ್ಪನ ಪ್ರಶ್ನೆ ನೆನಪಾಯಿತು. ನಮ್ಮ ಎರೆ ಮಣ್ಣು ಎಲ್ಲಿಂದ ಬಂತು? ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರ್ ಕಡೆಯ ಕಪ್ಪು ಮಣ್ಣಿನ ಕೆಳಗಿರುವುದು ದಖನ್ ಲಾವಾ ಪದರ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಬೆಸಾಲ್ಟ್ ಮಳೆ-ಬಿಸಿಲಿಗೆ ಕರಗಿ ನಮ್ಮ ಜೋಳದ ಹೊಲವಾಗಿದೆ. ಅಲ್ಲಿ ಅಲೆ ಅರೆದದ್ದು ಉಸುಕಾಯಿತು, ಇಲ್ಲಿ ಮಳೆ ಕರಗಿಸಿದ್ದು ಮಣ್ಣಾಯಿತು. ಕಲ್ಲಿನ ಜಾತಿ ಒಂದೇ. ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಂಗಾದ್ರ ಹೋಗಿ ನೋಡಬೇಕಲ್ಲೋ ತಮ್ಮಾ’ ಅಂದ. ಅಲ್ಲಿಯವರೆಗೆ ಅವನು ಮಗಳ ಒತ್ತಾಯಕ್ಕೆ ಹೊರಟಿದ್ದ. ಆ ದಿನದಿಂದ ತಾನಾಗಿ ಹೊರಟ.

ಅವ್ವನಿಗೂ ಒಂದು ಸುದ್ದಿ ಹುಡುಕಿಟ್ಟಿದ್ದೆ. ಆ ಪಾರ್ಕಿನ ತುಂಬ ‘ಹಾಲಾ’ ಮರಗಳ ಕಾಡಿದೆ. ಅದು ನಮ್ಮ ಕೇದಿಗೆಯ ಹತ್ತಿರದ ನಂಟ, ಎರಡೂ ಒಂದೇ ಕುಲದವು. ನಾವು ಹೂವನ್ನು ಜಡೆಗೆ ಮುಡಿದರೆ ಅವರು ಅದರ ಎಲೆಗಳಿಂದ ಚಾಪೆ, ಬುಟ್ಟಿ ಹೆಣೆಯುತ್ತಾರೆ. ‘ಕ್ಯಾದಗಿ ಅಲ್ಲೂ ಐತೇನು?’ ಎಂದು ಅವ್ವ ಅರಳಿದಳು. ಕೂಡಲೇ ಕೇಳಿದಳು: ‘ಒಂದ್ ಸಣ್ಣ ಡಬ್ಬಿಯೊಳಗ ಆ ಕರಿ ಉಸುಕು ತರಬೇಕಂತೀನಿ. ದೇವರ ಮುಂದ ಇಡಾಕ.’

ಅದಕ್ಕೆ ಬೇಡ ಎನ್ನಬೇಕಾಯಿತು. ಹವಾಯಿಯ ತೀರಗಳಿಂದ ಮರಳು, ಕಲ್ಲು ಒಯ್ಯುವುದು ಅಲ್ಲಿಯ ಕಾನೂನಿನಲ್ಲಿ ನಿಷಿದ್ಧ. ಜ್ವಾಲಾಮುಖಿಯ ದೇವತೆ ಪೆಲೆ ಶಾಪ ಕೊಡುತ್ತಾಳೆ ಎಂಬ ನಂಬಿಕೆಯೂ ಹಬ್ಬಿದೆ. ಅದು ಅಲ್ಲಿಯ ಪುರಾತನ ನಂಬಿಕೆ ಅಲ್ಲ, ಈಚಿನದು ಅನ್ನುತ್ತಾರೆ. ಆದರೂ ಒಯ್ದ ಕಲ್ಲುಗಳನ್ನು ಎಷ್ಟೋ ಪ್ರವಾಸಿಗರು ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ನಾನು ಅವ್ವನಿಗೆ ಶಾಪದ ಮಾತು ಹೇಳಲಿಲ್ಲ. ‘ಬಂದವರೆಲ್ಲ ಒಂದೊಂದು ಡಬ್ಬಿ ಒಯ್ದರ ಅಲ್ಲಿ ಏನು ಉಳೀತೈತಿ?’ ಎಂದಷ್ಟೇ ಕೇಳಿದೆ. ಕೆರೆಯ ಹೂಳು ಹೊಡೆಯುವಾಗ ಅಂಚಿನ ಮಣ್ಣೂ ಹೊತ್ತೊಯ್ದವರನ್ನು ಬೈದವಳು ಅವಳೇ. ಸುಮ್ಮನಾದಳು.

ಏಳರಿಂದ ಹತ್ತು

ಅವರು ಹೋಗಿ ಬಂದರು. ಬೆಳಿಗ್ಗೆ ಏಳೂಕಾಲಿಗೆ ಪಾರ್ಕಿನಲ್ಲಿದ್ದರು. ಅಲೆಯ ಸೆಳೆತ ಜೋರಿದ್ದುದರಿಂದ ಯಾರೂ ನೀರಿಗೆ ಇಳಿಯಲಿಲ್ಲ. ಅವ್ವ ತಿರುವುಗಳನ್ನು ಎರಡು ನಿಂಬೆಹಣ್ಣು, ಒಂದು ನಿದ್ದೆಯಲ್ಲಿ ದಾಟಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಾನಾದ ರೂಮಿನಲ್ಲಿ ಕೆಲಸಕ್ಕೆ ಬಂದವು.

ಅಪ್ಪ ಮೇಲೆಯೇ ನಿಂತು ನೋಡಲಿ ಎಂದು ನಾನು ಪ್ಲಾನಿನಲ್ಲಿ ಬರೆದಿದ್ದೆ. ಅವನು ಕೇಳಲಿಲ್ಲ. ಮಾಮಾನ ಭುಜ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಕೆಳಗಿಳಿದನಂತೆ. ಮೂರು ತಾಸಿನ ಪಾಳಿಯಲ್ಲಿ ಇಳಿಯಲು, ಕೂರಲು, ಹತ್ತಲು ಬೇಕಾದಷ್ಟು ಸಮಯವಿತ್ತು. ಎಂಟು ಸ್ಟಾಪಿನ ಪ್ಲಾನಿನಲ್ಲಿ ಅವನಿಗೆ ಸಿಗುತ್ತಿದ್ದುದು ನಲವತ್ತು ನಿಮಿಷ.

ಊರಿಗೆ ಬಂದ ಮೇಲೆ ಮೊದಲು ಮೊಣಕಾಲು ತೋರಿಸಲು ವಿಜಯಪುರಕ್ಕೆ ಕರೆದುಕೊಂಡು ಹೋದೆ. ಆ ದಿನಾಂಕವೂ ಪ್ಲಾನಿನ ಕೊನೆಯ ಸಾಲಿನಲ್ಲಿ ಇತ್ತು. ಮುಂದಿನ ರಜೆಯಲ್ಲಿ ನಾನು, ರೂಮ್‌ಮೇಟ್ ಸೇರಿ ಕಾರವಾರದ ಮಾಜಾಳಿ ಹತ್ತಿರದ ತಿಳ್ಮಾತಿ ತೀರಕ್ಕೆ ಹೋಗಬೇಕೆಂದಿದ್ದೇವೆ. ಎಳ್ಳಿನಂಥ ಕಪ್ಪು ಮರಳಿನಿಂದಾಗಿ ಅದಕ್ಕೆ ಆ ಹೆಸರು. ಸ್ವಲ್ಪ ದೂರ ಗುಡ್ಡ ಹತ್ತಿ ಇಳಿದು ನಡೆಯಬೇಕು. ನಮ್ಮ ಜೇಬಿಗೆ ಬಸ್ ಟಿಕೆಟ್ ಸಾಕು, ಆದರೆ ಈ ಸಲ ಮೊದಲು ದಾರಿ ಹೇಗಿದೆ ಎಂದು ನೋಡಿ, ಆಮೇಲೆ ದಿನ ಗೊತ್ತುಮಾಡುತ್ತೇವೆ.

ಹಾನಾದಿಂದ ಅಂದು ಬಂದ ಫೋನ್ ಇನ್ನೂ ಕಿವಿಯಲ್ಲಿದೆ. ಅಪ್ಪ ಎಂದಿನಂತೆ ಎರಡೇ ಮಾತು ಆಡಿದ: ‘ತಮ್ಮಾ, ಮುಟಗಿ ತುಂಬ ಹಿಡದು ನೋಡಿದ್ನಿ. ನಮ್ಮ ಎರಿ ಮಣ್ಣು ತೊಳದು ಒಣಗಿಸಿದಂಗ ಇತ್ತು. ಅಲ್ಲೇ ಇಟ್ಟು ಬಂದ್ನಿ.’